ಗುಂಡು ಎಲ್ಲಿ ಬಿತ್ತು, ಹೇಳಿ

ಬಂದೂಕಿನ ಲೈಸೆನ್ಸಿಗೆ ಮೂವತ್ತು ವರ್ಷವಾಯಿತು ಎಂದ ಮಾತ್ರಕ್ಕೆ ಅದನ್ನು ಹಿಡಿದ ಕೈ ಮೂವತ್ತು ವರ್ಷ ಪಳಗಿದೆ ಎನ್ನಲಾಗದು. ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಗಳು ಹೊಲಕ್ಕೆ ಇಳಿಯುತ್ತವೆ. ಚನ್ನಗಿರಿಯ ಉಬ್ರಾಣಿ ಸೀಮೆಯಲ್ಲಿ ಅಡಿಕೆ ತೋಟ ಮುಗಿದಲ್ಲೇ ಕಾಡು ಶುರು. ಮಳೆ ಕಡಿಮೆಯ ಜಗಳೂರಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ಅದರ ಆಸುಪಾಸಿನ ರೈತರಿಗೆ ಹಂದಿ, ಕರಡಿಗಳ ಕಾಟ ಹೊಸದಲ್ಲ. ಇಂಥ ಊರುಗಳಲ್ಲಿ ಬೆಳೆ ಕಾಯಲೆಂದು ಪಡೆದ ಕೋವಿ ಅಪ್ಪನಿಂದ ಮಗನಿಗೆ ಬರುವುದುಂಟು. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆ ರಕ್ಷಣೆಯ ಲೈಸೆನ್ಸಿನ ಮಾತಾಡುವಾಗ ಮದ್ದು ಗಿಡಿದು ಹೊಡೆಯುವ ಕೋವಿಯನ್ನು ಹೆಸರಿಸಿ ಹೇಳುತ್ತದೆ.

ಆದರೆ ಅಂಥ ಕೋವಿಯಿಂದ ವರ್ಷಕ್ಕೆ ಎಷ್ಟು ಈಡು ಹಾರೀತು? ಬೆರಳೆಣಿಕೆ. ಅದೂ ಕತ್ತಲಲ್ಲಿ, ಗಡಿಬಿಡಿಯಲ್ಲಿ, ಸದ್ದು ಮಾಡಿ ಓಡಿಸಿದರೆ ಸಾಕೆಂಬ ಅವಸರದಲ್ಲಿ. ಗುಂಡು ಎಲ್ಲಿಗೆ ಹೋಯಿತೆಂದು ಬೆಳಿಗ್ಗೆ ಹುಡುಕುವವರಿಲ್ಲ. ಹಂದಿ ಓಡಿದರೆ ‘ಗುರಿ ಸರಿಯಿತ್ತು’, ಓಡದಿದ್ದರೆ ‘ಮದ್ದು ಹಸಿಯಾಗಿತ್ತು’. ಹೀಗೆ ಎಷ್ಟು ವರ್ಷ ಕಳೆದರೂ ಕೈ ಕಲಿಯುವುದಿಲ್ಲ. ಧೈರ್ಯ ಮಾತ್ರ ಬಲಿಯುತ್ತದೆ.

ತೀರ್ಮಾನಗಳ ಮನಶ್ಶಾಸ್ತ್ರವನ್ನು ಅಧ್ಯಯನ ಮಾಡಿದ ರಾಬಿನ್ ಹೊಗಾರ್ತ್ ಕಲಿಕೆಯ ಪರಿಸರಗಳನ್ನು ಎರಡಾಗಿ ವಿಂಗಡಿಸಿದ್ದರು. ಒಂದು, ಮಾಡಿದ್ದರ ಫಲ ಕೂಡಲೇ, ಸ್ಪಷ್ಟವಾಗಿ ಎದುರಿಗೆ ಬರುವ ದಯಾಪರ ಪರಿಸರ. ಇನ್ನೊಂದು, ಫಲ ತಡವಾಗಿ ಬರುವ, ಮಸುಕಾಗಿ ಬರುವ ಅಥವಾ ತಪ್ಪು ಪಾಠವನ್ನೇ ಕಲಿಸುವ ಕುಟಿಲ ಪರಿಸರ. ರಾತ್ರಿಯ ಜೋಳದ ಹೊಲ ಎರಡನೆಯ ಬಗೆಯದು. ಹಗಲು ಬೆಳಕಿನಲ್ಲಿ, ಅಳೆದ ದೂರದಲ್ಲಿ, ಕಾಗದದ ಟಾರ್ಗೆಟ್ ನಿಲ್ಲಿಸಿದ ಫೈರಿಂಗ್ ರೇಂಜ್ ಮೊದಲನೆಯ ಬಗೆಯದು. ಬಂದೂಕಿನ ತರಬೇತಿಯ ವಿಜ್ಞಾನವೆಲ್ಲ ಈ ಎರಡರ ನಡುವಿನ ವ್ಯತ್ಯಾಸದಲ್ಲಿ ಅಡಗಿದೆ.

ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ರೈತರು, ಭದ್ರತಾ ಸಿಬ್ಬಂದಿ, ಕಾಲೇಜು ಹುಡುಗ ಹುಡುಗಿಯರು, ಗೃಹಿಣಿಯರು ಅಲ್ಲಿ ಸಾಲಾಗಿ ಮಲಗಿ ಗುರಿ ಇಡುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಾವಳಿ ಬಂದಮೇಲೆ ಹೊಸ ಲೈಸೆನ್ಸ್ ಬೇಕೆಂದರೆ ಸುರಕ್ಷಿತ ಬಳಕೆಯ ತರಬೇತಿ ಪಡೆದಿರುವ ‘ಎಸ್-1’ ಪ್ರಮಾಣಪತ್ರವೂ ಬೇಕು. ಹೀಗಾಗಿ ಬಂದೂಕು ಹಿಡಿಯುವುದು ಈಗ ಕೇವಲ ಅರ್ಜಿಯ ವಿಷಯವಲ್ಲ, ಪಾಠದ ವಿಷಯ. ಆ ಪಾಠದ ಅತ್ಯಂತ ಬೆಲೆಬಾಳುವ ಪ್ರಶ್ನೆಯನ್ನು ಒಳ್ಳೆಯ ಬೋಧಕರು ಗುಂಡು ಹಾರಿದ ತಕ್ಷಣ, ಶಿಬಿರಾರ್ಥಿ ಟಾರ್ಗೆಟ್ ನೋಡುವ ಮೊದಲೇ ಕೇಳಿಬಿಡುತ್ತಾರೆ: ‘ಎಲ್ಲಿ ಬಿತ್ತು, ಹೇಳಿ.’

ಒಂದು ಮಿಲಿಮೀಟರಿನ ಬೆಲೆ

ಆ ಪ್ರಶ್ನೆಗೆ ಉತ್ತರ ಹೇಳಲು ಬರಬೇಕಾದರೆ ಗುಂಡಿನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಎನ್‌ಸಿಸಿ ಕೆಡೆಟ್‌ಗಳು ಹಿಡಿಯುವ ಪಾಯಿಂಟ್ 22 ರೈಫಲ್ಲನ್ನೇ ತೆಗೆದುಕೊಳ್ಳೋಣ. ಅದರ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ, ಅಂದರೆ ಹೆಚ್ಚೂಕಡಿಮೆ ಸದ್ದಿನ ವೇಗದಲ್ಲಿ ಹೊರಡುತ್ತದೆ. 25 ಮೀಟರ್ ದೂರದ ಟಾರ್ಗೆಟ್ ಮುಟ್ಟಲು ಸೆಕೆಂಡಿನ ಹದಿಮೂರನೇ ಒಂದು ಭಾಗ ಸಾಕು. ಅಷ್ಟರಲ್ಲಿ ಗುರುತ್ವ ಅದನ್ನು ಮೂರು ಸೆಂಟಿಮೀಟರಿನಷ್ಟು ಕೆಳಗೆಳೆದಿರುತ್ತದೆ. ದೂರ 50 ಮೀಟರ್ ಆದರೆ ಇಳಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು ಹನ್ನೆರಡು ಸೆಂಟಿಮೀಟರ್. ನಳಿಗೆ ಬಿಟ್ಟ ಗುಂಡು ನೆಟ್ಟಗೆ ಗೆರೆ ಎಳೆದಂತೆ ಹೋಗುವುದಿಲ್ಲ. ಹೊರಟ ಕ್ಷಣದಿಂದಲೇ ಬೀಳುತ್ತಿರುತ್ತದೆ. ರೈಫಲ್ಲಿನ ಸೈಟ್‌ಗಳನ್ನು ಒಂದು ನಿರ್ದಿಷ್ಟ ದೂರಕ್ಕೆ ಹೊಂದಿಸಿರುವುದು ಈ ಬೀಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ.

ಕೈ ಮಾಡುವ ತಪ್ಪು ಇದಕ್ಕಿಂತ ದೊಡ್ಡದು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 60 ಸೆಂಟಿಮೀಟರ್ ಅಂತರವಿದೆ ಎನ್ನಿ. ಮುಂದಿನ ಮೊನೆ ತನ್ನ ಜಾಗದಿಂದ ಒಂದೇ ಒಂದು ಮಿಲಿಮೀಟರ್ ಎಡಕ್ಕೆ ವಾಲಿದರೆ 25 ಮೀಟರಿನಲ್ಲಿ ಗುಂಡು ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಎಡಕ್ಕೆ ಬೀಳುತ್ತದೆ. ಅದೇ ಇಡೀ ರೈಫಲ್ಲು ಓರೆಯಾಗದೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಹೊಸಬರು ‘ಕೈ ನಡುಗುತ್ತದೆ ಸಾರ್’ ಎಂದು ಹೆದರುವುದು ಎರಡನೆಯ ಬಗೆಯ ಅಲುಗಾಟಕ್ಕೆ. ಗುರಿ ಕೆಡಿಸುವುದು ಮೊದಲನೆಯದು. ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣ ನಡುಕ ಇದ್ದೇ ಇರುತ್ತದೆ. ಅದನ್ನು ನಿಲ್ಲಿಸಲು ಯಾರಿಂದಲೂ ಆಗದು, ನಿಲ್ಲಿಸಬೇಕಾಗಿಯೂ ಇಲ್ಲ. ಸೈಟ್‌ಗಳೆರಡೂ ಒಂದು ಸಾಲಿನಲ್ಲಿದ್ದರೆ ನಡುಗುವ ರೈಫಲ್ಲೂ ಟಾರ್ಗೆಟ್ಟಿನ ಕಪ್ಪು ವೃತ್ತದೊಳಗೇ ಗುಂಡು ಇಳಿಸುತ್ತದೆ.

ಪೊಲೀಸ್ ಕವಾತಿನಲ್ಲಿ ಈ ಭೌತವಿಜ್ಞಾನವನ್ನು ಮೂರೇ ಮಾತಿನಲ್ಲಿ ಹೇಳುತ್ತಾರೆ: ಗಟ್ಟಿ ಹಿಡಿತ, ಸರಿಯಾದ ಶಿಸ್ತ್ (ಅಂದರೆ ಗುರಿ ಇಡುವುದು), ಸರಿಯಾದ ಟ್ರಿಗರ್ ಆಪರೇಷನ್. ಮೊದಲೆರಡು ಅರ್ಧ ದಿನದಲ್ಲಿ ಬರುತ್ತವೆ. ಮೂರನೆಯದರ ಎದುರಾಳಿ ಮಾತ್ರ ನಮ್ಮ ತಲೆಯೊಳಗೇ ಕೂತಿದೆ.

ಸದ್ದಿಗೆ ಮೊದಲೇ ಬೆಚ್ಚುವ ಮಿದುಳು

ಗುರಿ ತಪ್ಪಿದವರು ಸಾಮಾನ್ಯವಾಗಿ ಕೊಡುವ ಕಾರಣ ‘ಒದ್ದುಬಿಟ್ಟಿತು’ ಎಂಬುದು. ಲೆಕ್ಕ ಹಾಕಿ ನೋಡಿ. ಮದ್ದು ಹೊತ್ತಿದ ಮೇಲೆ ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಎರಡು ಮೂರು ಭಾಗದಷ್ಟು ಹೊತ್ತು. ದೊಡ್ಡ ಸದ್ದಿಗೆ ಕಣ್ಣು ಮಿಟುಕುವ ಸಹಜ ಪ್ರತಿಕ್ರಿಯೆ ಎಷ್ಟೇ ಚುರುಕಾಗಿದ್ದರೂ ಸಾವಿರದ ಮೂವತ್ತು ನಲವತ್ತು ಭಾಗ ತೆಗೆದುಕೊಳ್ಳುತ್ತದೆ. ಭುಜ ಕುಗ್ಗುವುದು ಇನ್ನೂ ತಡ. ಅಂದರೆ ಸದ್ದು ಕೇಳಿ ನಾವು ಬೆಚ್ಚುವ ಹೊತ್ತಿಗೆ ಗುಂಡು ನಳಿಗೆ ಬಿಟ್ಟು ಹತ್ತಾರು ಅಡಿ ಮುಂದೆ ಹೋಗಿರುತ್ತದೆ. ಸದ್ದಿನ ನಂತರದ ಬೆಚ್ಚುವಿಕೆ ಆ ಗುಂಡಿನ ದಾರಿಯನ್ನು ಕದಲಿಸಲಾರದು.

ಹಾಗಿದ್ದರೆ ಕೆಡಿಸಿದ್ದು ಯಾವುದು? ಸದ್ದಿಗೆ ಮೊದಲೇ ಆದ ಬೆಚ್ಚುವಿಕೆ. ಬೆರಳು ಟ್ರಿಗರ್ ಒತ್ತಲು ಹೊರಟಿತೆಂದರೆ ಮುಂದೆ ಬರುವ ಸಿಡಿಲು ಮಿದುಳಿಗೆ ಗೊತ್ತು. ಅದು ಮುಂಗಡವಾಗಿ ಕಣ್ಣು ಮುಚ್ಚಿ, ಭುಜ ಮುಂದೂಡಿ, ಮುಂಗೈ ಕೆಳಗೆ ಅದುಮಿಬಿಡುತ್ತದೆ. ಗುಂಡು ಕೆಳಗೆ ಬೀಳುತ್ತದೆ. ಗಂಟೆ ಬಾರಿಸಿದ ಕೂಡಲೇ ಕಣ್ಣಿಗೆ ಗಾಳಿ ಊದುವ ಪ್ರಯೋಗವನ್ನು ಹಲವು ಸಲ ಮಾಡಿದರೆ, ಆಮೇಲೆ ಗಾಳಿ ಊದದಿದ್ದರೂ ಗಂಟೆಗೇ ಕಣ್ಣು ಮುಚ್ಚಿಕೊಳ್ಳುತ್ತದೆ. ಈ ಪಾವ್ಲೊವ್ ಮಾದರಿಯ ಕಲಿಕೆ ನಡೆಯುವ ಜಾಗ ತಲೆಯ ಹಿಂಬದಿಯ ಕಿರುಮಿದುಳು ಎಂಬುದನ್ನು ನರವಿಜ್ಞಾನಿಗಳು ಖಚಿತಪಡಿಸಿದ್ದಾರೆ. ಬಂದೂಕಿನ ಟ್ರಿಗರ್ ಅಂಥದೇ ಗಂಟೆ. ತರಬೇತಿಯಿಲ್ಲದೆ ಹಾರಿಸಿದ ಪ್ರತಿ ಗುಂಡೂ ಆ ಬೆಚ್ಚುವಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹೆಚ್ಚು ಹೊಡೆದಷ್ಟೂ ಗುರಿ ಕೆಡುವುದುಂಟು ಎಂಬ ವಿಚಿತ್ರಕ್ಕೆ ಇದೇ ವಿವರಣೆ.

ಒದೆತದ ಪ್ರಮಾಣವೂ ಇಲ್ಲಿ ಮುಖ್ಯ. ಪಾಯಿಂಟ್ 22ರ ಗುಂಡಿನ ತೂಕ ಎರಡೂವರೆ ಗ್ರಾಮಿನಷ್ಟು. ಮೂರು ಕಿಲೋ ರೈಫಲ್ಲನ್ನು ಅದು ಹಿಂದಕ್ಕೆ ತಳ್ಳುವ ವೇಗ ಸೆಕೆಂಡಿಗೆ ಬರೀ ಮೂವತ್ತು ಸೆಂಟಿಮೀಟರ್ ಆಸುಪಾಸು. 12 ಬೋರಿನ ತೋಟಾ ಮೂವತ್ತು ಗ್ರಾಮಿಗೂ ಹೆಚ್ಚು ಚರೆ ಎಸೆಯುತ್ತದೆ. ಅದೇ ಮೂರು ಕಿಲೋ ತೂಕದ ಬಂದೂಕು ಸೆಕೆಂಡಿಗೆ ಐದು ಮೀಟರಿನಷ್ಟು ವೇಗದಲ್ಲಿ ಭುಜಕ್ಕೆ ಬಡಿಯುತ್ತದೆ. ಕಲಿಕೆಯನ್ನು 12 ಬೋರಿನಿಂದ ಶುರುಮಾಡಿದವರ ಕಿರುಮಿದುಳು ಮೊದಲ ದಿನವೇ ಬೆಚ್ಚುವುದನ್ನು ಕಲಿತುಬಿಡುತ್ತದೆ. ಸಣ್ಣ ಬೋರಿನಿಂದ ಆರಂಭಿಸುವ ಪದ್ಧತಿಗೆ ಇದು ಕಾರಣ, ಮಕ್ಕಳಾಟವೆಂದಲ್ಲ.

ಕಲಿತ ಬೆಚ್ಚುವಿಕೆಯನ್ನು ಅಳಿಸುವ ದಾರಿ ಸರಳ, ಖರ್ಚಿಲ್ಲದ್ದು. ಬೋಧಕರ ಕಣ್ಣೆದುರು, ಬಂದೂಕು ಖಾಲಿಯಿದೆಯೆಂದು ಎರಡೆರಡು ಸಲ ಖಚಿತ ಮಾಡಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತ ದಿಕ್ಕಿಗೆ ತಿರುಗಿಸಿ ಟ್ರಿಗರ್ ಒತ್ತುವುದು. ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಾರೆ. ಟ್ರಿಗರ್ ‘ಟಿಕ್’ ಎಂದಾಗ ನಾಣ್ಯ ಉರುಳಿದರೆ ಬೆರಳಲ್ಲದೆ ಮುಂಗೈಯೂ ಕೆಲಸ ಮಾಡಿತೆಂದರ್ಥ. ಮೊದಲ ಹತ್ತು ಸಲ ನಾಣ್ಯ ನೆಲಕ್ಕೇ. ನಿಧಾನವಾಗಿ ಬೆರಳಿನ ಮೊದಲ ಗೆಣ್ಣು ಮಾತ್ರ ಹಿಂದಕ್ಕೆ ಬರುವುದನ್ನು ಕಲಿಯುತ್ತದೆ, ಉಳಿದ ಕೈ ಸುಮ್ಮನಿರುವುದನ್ನು ಕಲಿಯುತ್ತದೆ. ‘ಟ್ರಿಗರ್ ಒತ್ತಿದರೂ ಸಿಡಿಲಿಲ್ಲ’ ಎಂಬ ಅನುಭವ ನೂರಾರು ಸಲ ಆದಮೇಲೆ ಕಿರುಮಿದುಳು ತನ್ನ ಮುಂಗಡ ಎಚ್ಚರಿಕೆಯನ್ನು ಸಡಿಲಿಸುತ್ತದೆ.

ರೇಂಜಿನಲ್ಲಿ ಇನ್ನೊಂದು ಉಪಾಯವಿದೆ. ಮ್ಯಾಗಜೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಬೋಧಕರು ಒಂದೋ ಎರಡೋ ಡಮ್ಮಿ ಸೇರಿಸುತ್ತಾರೆ. ಎಷ್ಟನೆಯದೆಂದು ಹೊಡೆಯುವವರಿಗೆ ತಿಳಿಯದು. ಡಮ್ಮಿಯ ಸರದಿ ಬಂದಾಗ ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಗೆ ಜೋರಾಗಿ ಕೆಳಕ್ಕೆ ಬಾಗುತ್ತದೆ. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕತ್ತಲಲ್ಲಿ ಕಾಲಿಟ್ಟವರಿಗೆ ಆಗುವ ಮುಗ್ಗರಿಕೆ ಇದು: ಎಣಿಸಿದ್ದು ಬರಲಿಲ್ಲ, ದೇಹ ಮಾತ್ರ ಅದಕ್ಕೆ ಸಿದ್ಧವಾಗಿಬಿಟ್ಟಿತ್ತು. ಸುತ್ತ ನಿಂತವರು ನಗುತ್ತಾರೆ. ಹೊಡೆದವರಿಗೆ ತಮ್ಮ ತಪ್ಪು ಮೊದಲ ಸಲ ಕಣ್ಣಿಗೆ ಕಾಣುತ್ತದೆ.

ಮೂರು ದೂರ, ಒಂದೇ ಕಣ್ಣು

ಹಿಂದಿನ ಸೈಟ್ ಕಣ್ಣಿನಿಂದ ಒಂದು ಗೇಣು, ಮುಂದಿನದು ಸುಮಾರು ಒಂದು ಗಜ, ಟಾರ್ಗೆಟ್ 25 ಮೀಟರ್. ಕಣ್ಣಿನ ಮಸೂರ ಒಂದು ಹೊತ್ತಿಗೆ ಒಂದೇ ದೂರಕ್ಕೆ ಸ್ಫುಟವಾಗಿ ಹೊಂದಿಕೊಳ್ಳಬಲ್ಲದು. ಸಹಜವಾಗಿ ಎಲ್ಲರೂ ಟಾರ್ಗೆಟ್ಟನ್ನು ದಿಟ್ಟಿಸುತ್ತಾರೆ, ಸೈಟ್ ಮಸುಕಾಗುತ್ತದೆ. ತರಬೇತಿ ಇದನ್ನು ತಿರುವುಮುರುವು ಮಾಡುತ್ತದೆ: ಮುಂದಿನ ಸೈಟಿನ ಮೊನೆ ಸ್ಫುಟವಾಗಿರಲಿ, ಟಾರ್ಗೆಟ್ ಮಸುಕಾದರೂ ಚಿಂತೆಯಿಲ್ಲ. ಯಾಕೆಂದರೆ ಓರೆಯಾದ ಸೈಟ್ ಮಾಡುವ ಹಾನಿ ಎಷ್ಟೆಂದು ಆಗಲೇ ಲೆಕ್ಕ ಹಾಕಿದ್ದೇವೆ. ನಲವತ್ತು ದಾಟಿದವರ ಮಸೂರ ಗಡುಸಾಗಿ ಹತ್ತಿರದ ವಸ್ತು ಮಸುಕಾಗುವುದರಿಂದ, ‘ಮೊದಲು ಚೆನ್ನಾಗಿ ಹೊಡೀತಿದ್ದೆ’ ಎನ್ನುವ ಎಷ್ಟೋ ಮಂದಿಗೆ ಬೇಕಾಗಿರುವುದು ಹೊಸ ಬಂದೂಕಲ್ಲ, ಕಣ್ಣಿನ ಪರೀಕ್ಷೆ.

ದೃಷ್ಟಿ ಎಲ್ಲಿ ನಿಲ್ಲುತ್ತದೆ ಎಂಬಷ್ಟೇ ಮುಖ್ಯ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್, ನುರಿತ ಕ್ರೀಡಾಪಟುಗಳ ದೃಷ್ಟಿ ಕೊನೆಯ ಚಲನೆಗೆ ಮುನ್ನ ಒಂದೆಡೆ ನೆಟ್ಟು ನಿಲ್ಲುವುದನ್ನು ಅಳೆದು ‘ಶಾಂತ ನೋಟ’ ಎಂದು ಕರೆದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬಯಾತ್ಲಾನ್ ಸ್ಪರ್ಧಿಗಳು, ಅಂದರೆ ಹಿಮದ ಮೇಲೆ ಜಾರುತ್ತ ಬಂದು ಏದುಸಿರಿನಲ್ಲೇ ಗುರಿ ಇಡುವವರು, ಪರೀಕ್ಷೆಗೆ ಒಳಗಾದರು. ಒತ್ತಡ ಹೆಚ್ಚಿದಾಗ ಆ ನೋಟವನ್ನು ಇನ್ನೂ ಉದ್ದ ಹಿಡಿದವರು ಕುಸಿಯಲಿಲ್ಲ.

ಎದೆಬಡಿತದ ಕಥೆಯೂ ಹೀಗೆಯೇ. ಪ್ರತಿ ಬಡಿತಕ್ಕೂ ರಕ್ತದ ತಳ್ಳುವಿಕೆಗೆ ನಳಿಗೆ ಒಂದಿಷ್ಟು ಅಲುಗುತ್ತದೆ. 1987ರ ಒಂದು ಅಧ್ಯಯನದಲ್ಲಿ ಅನುಭವಿ ರೈಫಲ್ ಗುರಿಕಾರರು ಹೃದಯ ಸಡಿಲಗೊಳ್ಳುವ ಬಿಡುವಿನಲ್ಲಿ ಟ್ರಿಗರ್ ಒತ್ತುತ್ತಿದ್ದರು. ಹೊಸಬರಿಗೆ ಅಂಥ ಆಯ್ಕೆಯಿರಲಿಲ್ಲ. ಹೃದಯವನ್ನು ಔಷಧದಿಂದ ಶಾಂತಗೊಳಿಸುವವರೂ ಇದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೋಂಗ್ ಸು ಪ್ರೊಪ್ರನೊಲಾಲ್ ಸೇವಿಸಿದ್ದು ಸಿಕ್ಕಿಬಿದ್ದು ಬೆಳ್ಳಿ, ಕಂಚು ಎರಡನ್ನೂ ಕಳೆದುಕೊಂಡರು. ಅಭ್ಯಾಸದಿಂದ ಬರಬೇಕಾದುದನ್ನು ಮಾತ್ರೆಯಿಂದ ಪಡೆಯುವುದು ಈ ಕ್ರೀಡೆಯಲ್ಲಿ ನಿಷಿದ್ಧ.

ರಾತ್ರಿಯ ಹೊಲದಲ್ಲಿ ಕಣ್ಣಿನ ನಿಯಮಗಳೇ ಬೇರೆ. ಅಕ್ಷಿಪಟಲದ ನಟ್ಟನಡುವೆ, ಹಗಲಲ್ಲಿ ನಾವು ಓದುವ, ಗುರಿ ಇಡುವ ಜಾಗದಲ್ಲಿ, ಮಂದ ಬೆಳಕನ್ನು ಹಿಡಿಯುವ ಕಡ್ಡಿಕೋಶಗಳು ಇಲ್ಲವೇ ಇಲ್ಲ. ಅದಕ್ಕೇ ಕತ್ತಲಲ್ಲಿ ನೇರವಾಗಿ ದಿಟ್ಟಿಸಿದ ವಸ್ತು ಕರಗಿಹೋಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಮಸುಕಾಗಿ ಕಾಣುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ಒಂದು ಟಾರ್ಚ್ ಬೆಳಕು ಅದನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ಕಾಣದ ಭಾಗವನ್ನು ಮಿದುಳು ತನ್ನ ನಿರೀಕ್ಷೆಯಿಂದ ತುಂಬುತ್ತದೆ. ಹಂದಿಗೆ ಕಾದವರಿಗೆ ಅಲುಗುವ ಪೊದೆಯೆಲ್ಲ ಹಂದಿ. ಹಂದಿಯೆಂದು ಹೊಡೆದು ಜೊತೆಗಾರನನ್ನೇ ಕೊಂದ ಸುದ್ದಿ ಮಲೆನಾಡಿನಿಂದ ಆಗಾಗ ಬರುವುದು ಹೀಗೆ.

ಸಂಕೇತ ಪತ್ತೆಯ ಸಿದ್ಧಾಂತ 1950ರ ದಶಕದಲ್ಲಿ ರಾಡಾರಿನ ಸಂದರ್ಭದಲ್ಲಿ ಬೆಳೆದದ್ದು. ಎರಡು ಬಗೆಯ ತಪ್ಪುಗಳನ್ನು ಒಟ್ಟಿಗೆ ಶೂನ್ಯ ಮಾಡಲಾಗದು ಎಂಬುದು ಅದರ ಮುಖ್ಯ ಮಾತು. ಹಂದಿ ಇದ್ದೂ ಹೊಡೆಯದಿರುವುದು ಒಂದು ತಪ್ಪು. ಹಂದಿಯಲ್ಲದ್ದನ್ನು ಹೊಡೆಯುವುದು ಇನ್ನೊಂದು. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಮೊದಲನೆಯದರ ಬೆಲೆ ಒಂದಿಷ್ಟು ತೆನೆ, ಎರಡನೆಯದರದು ಮನುಷ್ಯನ ಜೀವ. ಹಾಗಾಗಿ ‘ಏನೆಂದು ಪೂರ್ತಿ ಗುರುತಿಸದೆ, ಅದರ ಹಿಂದೆ ಏನಿದೆಯೆಂದು ತಿಳಿಯದೆ ಟ್ರಿಗರ್ ಮೇಲೆ ಬೆರಳಿಡಬೇಡಿ’ ಎಂಬ ನಿಯಮ ನೀತಿಬೋಧೆಯಲ್ಲ, ಲೆಕ್ಕಾಚಾರ. ಪಾಯಿಂಟ್ 22ರ ಸಣ್ಣ ಗುಂಡು ಕೂಡ ಒಂದು ಕಿಲೋಮೀಟರಿಗೂ ದೂರ ಹಾರಬಲ್ಲದು. ಮೇಲಾಗಿ, ಬಂದೂಕಿನ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ. ಕಾಡುಪ್ರಾಣಿಗೆ ಗುಂಡಿಕ್ಕಲು 1972ರ ವನ್ಯಜೀವಿ ಕಾಯ್ದೆಯಡಿ ಬೇರೆಯೇ ಅನುಮತಿ ಬೇಕು.

ಅತೃಪ್ತ ಅಂಚೆ ನೌಕರರು

ಅಭ್ಯಾಸವನ್ನು ಹೇಗೆ ಹಂಚಬೇಕು? ವಾರವಿಡೀ ಶಿಬಿರ ಮಾಡಿ ಗುಂಡು ಖಾಲಿಯಾಗುವವರೆಗೆ ಹೊಡೆಯುವುದೋ, ತಿಂಗಳಿಗೊಂದು ದಿನ ಸ್ವಲ್ಪ ಸ್ವಲ್ಪವೋ? ಉತ್ತರ ಸಿಕ್ಕಿದ್ದು ಬ್ರಿಟನ್ನಿನ ಅಂಚೆ ಕಚೇರಿಯಲ್ಲಿ. ಹೊಸ ಪೋಸ್ಟ್‌ಕೋಡ್ ಪದ್ಧತಿಗಾಗಿ ನೌಕರರಿಗೆ ಟೈಪಿಂಗ್ ಕಲಿಸಬೇಕಿತ್ತು. ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಆ ನೌಕರರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ ಒಂದೇ ಗಂಟೆ, ಕೆಲವರಿಗೆ ನಾಲ್ಕು ಗಂಟೆ ತರಬೇತಿ ಕೊಟ್ಟರು. 1978ರಲ್ಲಿ ಪ್ರಕಟವಾದ ಫಲಿತಾಂಶ: ತಾಸಿಗೆ ತಾಸು ಹೋಲಿಸಿದರೆ ದಿನಕ್ಕೊಂದು ಗಂಟೆಯವರೇ ಹೆಚ್ಚು ಕಲಿತರು. ಆದರೆ ತಮ್ಮ ತರಬೇತಿಯ ಬಗ್ಗೆ ಅತ್ಯಂತ ಅತೃಪ್ತರಾಗಿದ್ದವರೂ ಅವರೇ.

2001ರಲ್ಲಿ ಸೈಮನ್ ಮತ್ತು ಬ್ಯೋರ್ಕ್ ಇದೇ ಒಗಟಿನ ಇನ್ನೊಂದು ಮುಖ ತೋರಿಸಿದರು. ಒಂದೇ ಬಗೆಯ ಚಲನೆಯನ್ನು ಸತತವಾಗಿ ಅಭ್ಯಾಸ ಮಾಡಿದವರು ‘ನಾಳೆ ಚೆನ್ನಾಗಿ ಮಾಡುತ್ತೇವೆ’ ಎಂದು ಬೀಗಿದರು. ಮರುದಿನ ಕೆಟ್ಟದಾಗಿ ಮಾಡಿದರು. ಬೇರೆ ಬೇರೆ ಚಲನೆಗಳನ್ನು ಬೆರೆಸಿ, ತಡವರಿಸುತ್ತ ಕಲಿತವರು ತಮ್ಮ ಬಗ್ಗೆ ಅಷ್ಟು ಭರವಸೆ ತೋರಲಿಲ್ಲ. ಫಲಿತಾಂಶ ಅವರ ಕಡೆಗಿತ್ತು. ಒಂದೇ ದೂರದಲ್ಲಿ, ಮಲಗಿದ ಭಂಗಿಯಲ್ಲೇ, ಒಂದರ ಹಿಂದೊಂದು ಇಪ್ಪತ್ತು ಗುಂಡು ಹೊಡೆದು, ಕೊನೆಯ ಐದು ಒಂದೇ ಕಡೆ ಬಿದ್ದವೆಂದು ಫೋಟೊ ತೆಗೆಸಿಕೊಂಡು ಹೋಗುವವರ ವಿಶ್ವಾಸದ ಬಗ್ಗೆ ಇದು ಒಂದು ಎಚ್ಚರಿಕೆ. ಆ ಸಂಜೆಯ ಗ್ರೂಪಿಂಗ್ ಆ ಸಂಜೆಯದು. ಕಲಿತದ್ದು ಎಷ್ಟೆಂದು ತಿಳಿಯುವುದು ಮುಂದಿನ ತಿಂಗಳ ಮೊದಲ ಗುಂಡಿನಲ್ಲಿ.

ಕೌಶಲಗಳೆಲ್ಲ ಒಂದೇ ವೇಗದಲ್ಲಿ ಮರೆಯಾಗುವುದಿಲ್ಲ ಎಂಬುದೂ ತಿಳಿದಿರಬೇಕು. ಸೈಕಲ್ಲಿನಂಥ ನಿರಂತರ ಚಲನೆ ವರ್ಷಗಳಾದರೂ ಉಳಿಯುತ್ತದೆ. ಮೊದಲು ಮ್ಯಾಗಜೀನ್ ತೆಗೆ, ಆಮೇಲೆ ಬೋಲ್ಟ್ ಎಳೆ, ಚೇಂಬರ್ ನೋಡು, ಬೆರಳಿಟ್ಟು ಮುಟ್ಟಿ ನೋಡು ಎಂಬಂಥ ಹೆಜ್ಜೆಗಳ ಸರಣಿ ಬೇಗ ಸವೆಯುತ್ತದೆ, ಒಂದು ಹೆಜ್ಜೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್‌ದಾರರು ಬಂದೂಕನ್ನು ಠಾಣೆಗೆ ಒಪ್ಪಿಸುತ್ತಾರೆ. ವಾರಗಳು ಕಳೆದ ಮೇಲೆ ವಾಪಸು ತರುತ್ತಾರೆ. ಗುರಿ ಅಷ್ಟರಲ್ಲಿ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಬಂದೂಕು ಖಾಲಿಯಿದೆಯೇ ಎಂದು ನೋಡುವ ಅಭ್ಯಾಸ. ಮರಳಿ ಅಭ್ಯಾಸ ಮಾಡಬೇಕಾದ್ದೂ ಅದನ್ನೇ ಮೊದಲು.

ವಿಶ್ವಾಸ ಎಲ್ಲಿಂದ ಬರಬೇಕು

‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯ ಮೂಲಗಳನ್ನು ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕಾಗಿ ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬಲ್ಲವರ ಪ್ರೋತ್ಸಾಹ, ತನ್ನ ದೇಹದ ಸ್ಥಿತಿಯನ್ನು ತಾನು ಓದಿಕೊಳ್ಳುವ ರೀತಿ. ನಾಲ್ಕರಲ್ಲಿ ಮೊದಲನೆಯದಕ್ಕೇ ಹೆಚ್ಚು ಬಲ. ಶಿಬಿರಕ್ಕೆ ಹೆದರುತ್ತ ಬಂದ ಹೆಣ್ಣುಮಗಳಿಗೆ ಪಕ್ಕದ ಚಾಪೆಯ ಮೇಲೆ ತನ್ನಂಥವಳೇ ಹೊಡೆಯುವುದನ್ನು ನೋಡಿದರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಹೋಗುವುದು ಎದೆ ಹೊಡೆದುಕೊಳ್ಳುವುದು ಎಲ್ಲರಿಗೂ ಸಹಜ, ಅದು ಅಪಾಯದ ಸೂಚನೆಯಲ್ಲ ಎಂದು ಗೊತ್ತಾದಾಗ.

ಶಾಂತ ರೇಂಜಿನಲ್ಲಿ ಗಳಿಸಿದ ವಿಶ್ವಾಸ ಗಲಾಟೆಯಲ್ಲಿ ನಿಲ್ಲುತ್ತದೆಯೆ? ನೆದರ್ಲೆಂಡ್ಸ್‌ನ ರಾವುಲ್ ಔದೆಯಾನ್ಸ್ 2008ರಲ್ಲಿ ಪೊಲೀಸರ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಉತ್ತರಿಸಿತು. ಕಾಗದದ ಟಾರ್ಗೆಟ್ಟಿಗೆ ಮಾತ್ರ ಹೊಡೆದು ಕಲಿತವರು, ಬಣ್ಣದ ತೋಟಾದಿಂದ ತಿರುಗಿ ಹೊಡೆಯುವ ಎದುರಾಳಿ ನಿಂತಾಗ ಹಿಂದೆ ಬಿದ್ದರು. ಅಂಥ ಎದುರಾಳಿಯ ಮುಂದೆಯೇ ಅಭ್ಯಾಸ ಮಾಡಿದವರ ಗುರಿ ಹೆಚ್ಚು ಕೆಡಲಿಲ್ಲ. ವಿಶ್ವಾಸ ಹುಟ್ಟಿದ ಪರಿಸ್ಥಿತಿಯನ್ನು ಮೀರಿ ಬಹುದೂರ ಹೋಗಲಾರದು.

ಇದರ ಕಠಿಣ ಉದಾಹರಣೆ ಆರಂಭದಲ್ಲಿ ಹೆಸರಿಸಿದ ತಾಲ್ಲೂಕುಗಳಲ್ಲೇ ಸಿಕ್ಕಿತು. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಬಾಲಕಿಯೊಬ್ಬಳನ್ನು ಕೊಂದ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆ ನಡೆಯಿತು. ನ್ಯಾಮತಿ ಕಡೆ ಅರಿವಳಿಕೆ ಹಾರಿಸುವ ಯತ್ನದಲ್ಲಿ ವನ್ಯಜೀವಿ ವೈದ್ಯರೊಬ್ಬರು ಆನೆಯ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಅರಿವಳಿಕೆ ಬಂದೂಕಿನ ಭೌತವಿಜ್ಞಾನ ರೈಫಲ್ಲಿನದಕ್ಕಿಂತ ಎಷ್ಟೋ ನಿಷ್ಠುರ. ಸೂಜಿ ಚರ್ಮಕ್ಕೆ ನಾಟಬೇಕು, ಮಾಂಸ ಹರಿಯಬಾರದು. ಆದ್ದರಿಂದ ವೇಗ ಕಡಿಮೆ. ಸೆಕೆಂಡಿಗೆ 70 ಮೀಟರ್ ಎಂದಿಟ್ಟುಕೊಂಡರೆ 30 ಮೀಟರ್ ಹೋಗುವಷ್ಟರಲ್ಲಿ ಸೂಜಿ 90 ಸೆಂಟಿಮೀಟರ್ ಕೆಳಗಿಳಿದಿರುತ್ತದೆ, 40 ಮೀಟರಿನಲ್ಲಿ 160 ಸೆಂಟಿಮೀಟರ್. ದೂರದ ಅಂದಾಜು ಹತ್ತು ಮೀಟರ್ ತಪ್ಪಿದರೆ ಸೂಜಿ ಎರಡಡಿಗೂ ಹೆಚ್ಚು ಕೆಳಗೆ. ಪೊದೆಯ ನಡುವೆ, ಅಲುಗುವ ಪ್ರಾಣಿಗೆ, ಕಣ್ಣಳತೆಯಲ್ಲಿ ಇಷ್ಟೆಲ್ಲ ಲೆಕ್ಕ ಆಗಬೇಕು. ಔಷಧ ಏರಲು ಮತ್ತೆ ನಿಮಿಷಗಟ್ಟಲೆ ಬೇಕು. ಆ ನಿಮಿಷಗಳಲ್ಲಿ ಆನೆ ಪೂರ್ಣ ಎಚ್ಚರದಲ್ಲಿರುತ್ತದೆ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಎಷ್ಟೋ ಆನೆಗಳಿಗೆ ಅರಿವಳಿಕೆ ಹಾರಿಸಿ ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಗುರಿಕಾರರು ಅಂಥದೇ ಕಾರ್ಯಾಚರಣೆಯಲ್ಲಿ ಪ್ರಾಣ ಕಳೆದುಕೊಂಡರು. ಕೌಶಲ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಇದನ್ನು ಹೇಳದ ತರಬೇತಿ ಅರ್ಧ ತರಬೇತಿ.

ಬೆಂಗಳೂರಿನ ಪಿಸ್ತೂಲ್ ಗುರಿಕಾರ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದರು. ಅದೇ ವರ್ಷ ಅವರ ಮುಖದ ಒಂದು ಪಾರ್ಶ್ವದ ನರ ಸೋತು, ಕಣ್ಣಿಗೂ ತೊಂದರೆಯಾಯಿತು. ಮರು ವರ್ಷವೇ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಅವರಿಗೆ ಬೆಳ್ಳಿ ಬಂತು. ಆ ಸ್ಪರ್ಧೆಯ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಅಗಲ. ಕಣ್ಣು, ಮುಖ, ಸಮತೋಲ ಬದಲಾದಾಗ ಹಳೆಯ ವಿಶ್ವಾಸ ಕೆಲಸಕ್ಕೆ ಬಾರದು. ಹೊಸ ದೇಹಕ್ಕೆ ಹೊಸ ಲೆಕ್ಕ ಬೇಕು.

ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಅಭ್ಯಾಸದಿಂದ ವಿನಾಯಿತಿಯನ್ನು ಅವರು ಕೇಳಿಲ್ಲ. ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಕಾಯಿ ಒಡೆಯಿತೋ ಇಲ್ಲವೋ, ಊರಿಗೆಲ್ಲ ಒಮ್ಮೆಗೇ ಗೊತ್ತು. ಹೊಗಾರ್ತ್ ಹೇಳಿದ ದಯಾಪರ ಪರಿಸರವನ್ನು ಒಂದು ಸಮುದಾಯ ಹಬ್ಬವಾಗಿಸಿಕೊಂಡಿದೆ.

ಎರಡು ಅಂಕಣ

ಈಗ ‘ಎಲ್ಲಿ ಬಿತ್ತು, ಹೇಳಿ’ ಎಂಬ ಪ್ರಶ್ನೆ ಯಾಕೆ ಅಷ್ಟು ಬೆಲೆಯುಳ್ಳದ್ದೆಂದು ಹೇಳಬಹುದು. ಪ್ರತಿ ಗುಂಡಿನ ಫಲವನ್ನೂ ಬೋಧಕರೇ ಕೂಡಲೇ ಹೇಳುತ್ತ ಹೋದರೆ ಕಲಿಯುವವರು ಅದಕ್ಕೇ ಆತುಕೊಳ್ಳುತ್ತಾರೆ, ಬೋಧಕರಿಲ್ಲದಾಗ ಕುಸಿಯುತ್ತಾರೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದ ಸ್ಯಾಲ್ಮನಿ, ಷ್ಮಿಟ್, ವಾಲ್ಟರ್ 1984ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಮೊದಲು ತಾನೇ ಊಹಿಸಿ, ಆಮೇಲೆ ಟಾರ್ಗೆಟ್ ನೋಡುವವರು ಬೇರೆಯದನ್ನೇ ಕಲಿಯುತ್ತಾರೆ: ಟ್ರಿಗರ್ ಬಿಟ್ಟ ಕ್ಷಣದಲ್ಲಿ ಸೈಟ್ ಎಲ್ಲಿತ್ತು, ಭುಜ ಏನು ಮಾಡಿತು, ಉಸಿರು ಎಲ್ಲಿ ನಿಂತಿತ್ತು ಎಂದು ತಮ್ಮ ದೇಹದಿಂದಲೇ ಸಾಕ್ಷ್ಯ ಪಡೆಯುವುದನ್ನು. ಊಹೆಗೂ ಫಲಕ್ಕೂ ಇರುವ ಅಂತರವನ್ನೇ ಕಿರುಮಿದುಳು ಪಾಠವಾಗಿ ತೆಗೆದುಕೊಳ್ಳುತ್ತದೆ. ಊಹೆಯೇ ಇಲ್ಲದಿದ್ದರೆ ಪಾಠವೂ ಇಲ್ಲ.

ಹಾಗಾಗಿ ತಾಲ್ಲೂಕು ಮಟ್ಟದಲ್ಲಿ ಗುರಿ ಕಲಿಸಲು ದೊಡ್ಡ ವೆಚ್ಚ ಬೇಕಿಲ್ಲ. ಹತ್ತು ಮೀಟರ್ ಉದ್ದದ ಸುರಕ್ಷಿತ ಕೊಠಡಿ, ಏರ್ ರೈಫಲ್, ಒಬ್ಬ ಕಟ್ಟುನಿಟ್ಟಿನ ಬೋಧಕ, ಕಿವಿಗೆ ಕಾಪು. ಕಿವಿಯ ಮಾತು ಮರೆಯುವಂಥದಲ್ಲ: 140 ಡೆಸಿಬೆಲ್ ದಾಟಿದ ಒಂದೇ ಸದ್ದು ಒಳಗಿವಿಯ ರೋಮಕೋಶಗಳನ್ನು ಕೊಲ್ಲಬಲ್ಲದು, ನಿಜವಾದ ಬಂದೂಕುಗಳ ಸದ್ದು ಅದನ್ನು ಸುಲಭವಾಗಿ ದಾಟುತ್ತದೆ, ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಬಲಗೈಯಿಂದ ಹೊಡೆಯುವವರಲ್ಲಿ ನಳಿಗೆಗೆ ಹತ್ತಿರವಿರುವ ಎಡಗಿವಿ ಮೊದಲು ಮಂದವಾಗುತ್ತದೆ.

ಇವೆಲ್ಲದರ ಜೊತೆಗೆ ಒಂದು ನೋಟ್‌ಬುಕ್, ಅದರಲ್ಲಿ ಎರಡು ಅಂಕಣ. ಎಡಗಡೆ, ಗುಂಡು ಎಲ್ಲಿ ಬಿತ್ತೆಂದು ನೋಡುವ ಮೊದಲು ಹೇಳಿದ್ದು. ಬಲಗಡೆ, ನಿಜವಾಗಿ ಬಿದ್ದದ್ದು. ಆರಂಭದಲ್ಲಿ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ತಿಂಗಳುಗಳು ಕಳೆದಂತೆ ‘ಎಂಟು, ಕೆಳಗೆ ಎಡಕ್ಕೆ’ ಎಂದದ್ದು ಎಂಟರಲ್ಲೇ ಕೆಳಗೆ ಎಡಕ್ಕೇ ಸಿಗತೊಡಗುತ್ತದೆ. ಆ ಗುಂಡು ಹತ್ತಕ್ಕೆ ಬೀಳಲಿಲ್ಲ ನಿಜ, ಆದರೆ ಹೊಡೆದವರಿಗೆ ತಮ್ಮ ಕೈ ಗೊತ್ತಾಗಿದೆ. ತನ್ನ ಕೈ ಎಷ್ಟಕ್ಕೆ ಆಗುತ್ತದೆ, ಎಷ್ಟಕ್ಕೆ ಆಗದು ಎಂದು ತಿಳಿದವರೇ ಕತ್ತಲ ಹೊಲದಲ್ಲಿ ‘ಇದು ನನ್ನಿಂದಾಗದ ಈಡು’ ಎಂದು ಬಂದೂಕು ಕೆಳಗಿಳಿಸಬಲ್ಲರು. ಲೈಸೆನ್ಸ್ ನವೀಕರಣಕ್ಕೆ ಬಂದವರಲ್ಲಿ ಎಷ್ಟು ವರ್ಷದ ಅನುಭವ ಎಂದು ಕೇಳುವುದಕ್ಕಿಂತ ಆ ನೋಟ್‌ಬುಕ್ ತೋರಿಸಿ ಎಂದು ಕೇಳುವುದು ಮೇಲು.